ಮುಸ್ಸಂಜೆಯಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ

ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ಹಕ್ಕಿ, ಪ್ರಾಣಿ ನೋಡಲು ಹೊರಡುವವರು ಈಗ ಜಾಸ್ತಿಯಾಗಿದ್ದಾರೆ. ಮೇಷ್ಟರು, ಕಾಲೇಜು ಹುಡುಗರು, ತೋಟದವರು, ಬ್ಯಾಂಕಿನವರು ಎಲ್ಲರೂ ಇಲ್ಲಿದ್ದೀರಿ, ನೋಡಿ ಖುಷಿಯಾಯಿತು. ನಿಮ್ಮಲ್ಲಿ ಬಹಳ ಜನ ನನಗೆ ಕೇಳಿರುವ ಪ್ರಶ್ನೆ ಒಂದೇ. "ಸರ್, ಹದಿನೈದು ಇಪ್ಪತ್ತು ಸಾವಿರದೊಳಗೆ ಯಾವ ಬೈನಾಕ್ಯುಲರ್ ತಗೊಳ್ಳಲಿ?" ಒಂದು ಕಂಪನಿಯ ಹೆಸರು ಹೇಳಿ ಕೂತುಬಿಡಬಹುದು. ಆದರೆ ಮಾದರಿಗಳು ಬರುತ್ತವೆ, ಹೋಗುತ್ತವೆ. ನೀವು ಎಲ್ಲಿ ನೋಡುತ್ತೀರಿ, ಯಾವ ಹೊತ್ತಿನಲ್ಲಿ ನೋಡುತ್ತೀರಿ ಅನ್ನುವುದು ಮುಖ್ಯ. ಅಲ್ಲಿಂದಲೇ ಶುರು ಮಾಡೋಣ.

ಈ ಬೆಲೆಯಲ್ಲಿ ಸಿಗುವ ಬೈನಾಕ್ಯುಲರ್‌ಗಳ ಜಾಹೀರಾತು ತೆಗೆದು ನೋಡಿ. ಬಹಳಷ್ಟರಲ್ಲಿ ಬೇಟೆಗಾರನ ಚಿತ್ರ ಇರುತ್ತದೆ. ಅಮೆರಿಕ, ಜರ್ಮನಿಯಂಥ ದೇಶಗಳಲ್ಲಿ ಲೈಸೆನ್ಸ್ ಪಡೆದು, ಗೊತ್ತುಮಾಡಿದ ತಿಂಗಳುಗಳಲ್ಲಿ ಬೇಟೆಯಾಡಲು ಕಾನೂನಿನಲ್ಲಿ ಅವಕಾಶವಿದೆ. ದೂರದಲ್ಲಿರುವ ಜಿಂಕೆ ಗಂಡೋ ಹೆಣ್ಣೋ, ಕೊಂಬು ಎಷ್ಟು ಬೆಳೆದಿದೆ, ಲೈಸೆನ್ಸಿನಲ್ಲಿ ಬರೆದ ಪ್ರಾಣಿ ಅದೇನಾ ಎಂದು ಅಲ್ಲಿನ ಬೇಟೆಗಾರ ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕಾಗಿ ಆತ ಗಂಟೆಗಟ್ಟಲೆ ಬೈನಾಕ್ಯುಲರ್ ಹಿಡಿದು ಕೂರುತ್ತಾನೆ. ಈ ಬೆಲೆಯ ಬೈನಾಕ್ಯುಲರ್‌ಗಳಿಗೆ ದೊಡ್ಡ ಗಿರಾಕಿ ಆತ.

ನಮ್ಮಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೃಷ್ಣಮೃಗ, ಚಿಂಕಾರ ಎಂಬ ಸಣ್ಣ ಹುಲ್ಲೆ, ಎರಡೂ ಆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲನೇ ಅನುಸೂಚಿಯಲ್ಲಿವೆ. ಅದು ಹಾಗೇ ಇರಬೇಕು ಅನ್ನುವವನು ನಾನು. ಆದರೆ ಬೇಟೆಗಾರನ ಕೆಲಸದಲ್ಲಿ ನೋಡುವ ಭಾಗ ಒಂದಿದೆಯಲ್ಲ, ಅದನ್ನು ನಾವು ಪೂರ್ತಿಯಾಗಿ ಕಲಿಯಬಹುದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ದೂರದ ಪ್ರಾಣಿಯನ್ನು ತಾಳ್ಮೆಯಿಂದ ನೋಡಿ, ಅದು ಇಂಥದ್ದೇ ಎಂದು ಖಚಿತವಾಗಿ ಹೇಳುವುದು. ನಮಗೆ ಬೇಕಾಗಿರುವುದೂ ಇದೇ ಅಲ್ವಾ?

ನಮ್ಮ ಜಿಲ್ಲೆಯನ್ನೇ ನೋಡಿ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. 798 ಎಕರೆಯ ಬಯಲು. 2007ರಲ್ಲಿ ಅದಕ್ಕೆ ಸಂರಕ್ಷಣಾ ಮೀಸಲು ಎಂಬ ಸ್ಥಾನ ಸಿಕ್ಕಿತು. ಅಲ್ಲಿ ಹಿಂಡು ಎದುರಿಗೇ ಕಾಣುತ್ತದೆ, ಆದರೆ ದೂರದಲ್ಲಿ. ಬಲಿತ ಗಂಡು ಕಪ್ಪಗೆ, ಸುರುಳಿ ಕೊಂಬಿನಿಂದ ಎದ್ದು ಕಾಣುತ್ತದೆ. ಎಳೆಯ ಗಂಡು ಹಾಗಲ್ಲ. ಬಣ್ಣ ಹೆಣ್ಣಿನ ಹಾಗೇ ಕಂದು, ಕೊಂಬು ಚಿಕ್ಕದು. ಹುಲ್ಲಿನ ಮರೆಯಲ್ಲಿ ತಲೆ ಎತ್ತಿದಾಗ ಆ ಚಿಕ್ಕ ಕೊಂಬು ಕಂಡರೆ ಮಾತ್ರ ಗಂಡು ಎಂದು ಬರೆದುಕೊಳ್ಳಬಹುದು. ಶಿರಾ ತಾಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಚಿಂಕಾರದಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ, ಸಣ್ಣದು, ತೆಳುವಾದದ್ದು. ಅದನ್ನು ಕುರುಚಲು ಗಿಡಗಳ ನಡುವೆ ಗುರುತಿಸಬೇಕು. ದೇವರಾಯನದುರ್ಗದ ಬಂಡೆಗಳ ಮೇಲೆ ಹಳದಿ ಕತ್ತಿನ ಪಿಕಳಾರ ಹಕ್ಕಿ ಇದೆ. ಹೊತ್ತು ಮುಳುಗುವಾಗ ಅದೇ ಬಂಡೆಗಳ ಕಡೆಯಿಂದ ಕರಡಿ ಇಳಿದು ಬರುವುದೂ ಉಂಟು. ಕರಡಿಯನ್ನು ದೂರದಿಂದ ನೋಡುವುದೇ ಕ್ಷೇಮ.

ಈಗ ಬೈನಾಕ್ಯುಲರ್ ಮೇಲೆ ಬರೆದಿರುವ ಸಂಖ್ಯೆಗೆ ಬರೋಣ. 8×42 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಲೆನ್ಸಿನ ಅಗಲ 42 ಮಿಲಿಮೀಟರ್. ಅಂಗಡಿಯಲ್ಲಿ ಎಲ್ಲರ ಕಣ್ಣೂ ಮೊದಲ ಸಂಖ್ಯೆಯ ಮೇಲೆ. ಎಂಟಕ್ಕಿಂತ ಹತ್ತು ಮೇಲು, ಹತ್ತಕ್ಕಿಂತ ಹನ್ನೆರಡು ಮೇಲು ಎಂಬ ಲೆಕ್ಕ. ದಯವಿಟ್ಟು ಈ ಲೆಕ್ಕವನ್ನು ಬಿಟ್ಟುಬಿಡಿ. ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25. ಬೈನಾಕ್ಯುಲರ್‌ನಿಂದ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಅದು, ಮಿಲಿಮೀಟರ್ ಲೆಕ್ಕದಲ್ಲಿ. ಬೈನಾಕ್ಯುಲರ್ ಅನ್ನು ಒಂದಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿ. ಹಿಂದಿನ ಗಾಜಿನಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದಲ್ಲ, ಅದೇ.

ನಮ್ಮ ಕಣ್ಣಿನ ಪಾಪೆ ಹಗಲು ಬೆಳಕಿನಲ್ಲಿ ಎರಡು ಮೂರು ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲಾದಂತೆ ಹಿಗ್ಗುತ್ತದೆ. ಪ್ರಾಯದವರಲ್ಲಿ ಏಳು ಮಿಲಿಮೀಟರಿನವರೆಗೂ ಹೋಗುತ್ತದೆ. ವಯಸ್ಸಾದಂತೆ ಹಿಗ್ಗುವುದು ಕಡಿಮೆಯಾಗಿ, ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ಐದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈಗ ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ಮಟಮಟ ಮಧ್ಯಾಹ್ನ ಹೋಗುತ್ತೀರಿ. ಅಂಗಡಿಯವರು ಒಂದು ಪುಟ್ಟ 10×25 ಕೊಡುತ್ತಾರೆ. ಅದರ ಬೆಳಕಿನ ಕಂಬಿ ಎರಡೂವರೆ ಮಿಲಿಮೀಟರ್. ನಿಮ್ಮ ಪಾಪೆಯೂ ಆಗ ಅಷ್ಟೇ. ಚಿತ್ರ ಫಳಫಳ ಹೊಳೆಯುತ್ತದೆ. ಪಕ್ಕದ ದೊಡ್ಡ 8×42ರಲ್ಲೂ ಅಷ್ಟೇ ಹೊಳಪು. ಮತ್ತೆ ಈ ಭಾರ ಯಾಕೆ ಹೊರಬೇಕು ಎಂದು ಚಿಕ್ಕದನ್ನು ಕೊಂಡು ಬರುತ್ತೀರಿ. ಸಂಜೆ ಆರೂಕಾಲಿಗೆ ಮೈದನಹಳ್ಳಿಯಲ್ಲಿ ಅದನ್ನು ಕಣ್ಣಿಗೆ ಹಿಡಿದಾಗ ಹುಲ್ಲು, ಪ್ರಾಣಿ, ಮಣ್ಣು ಎಲ್ಲ ಒಂದೇ ಬೂದಿ ಬಣ್ಣ. ಪಾಪೆ ಐದಕ್ಕೆ ಹಿಗ್ಗಿದೆ, ಬರುವ ಬೆಳಕು ಮಾತ್ರ ಎರಡೂವರೆಯಷ್ಟೇ.

8×42 ಮತ್ತು 10×42 ಹೋಲಿಸಿದರೂ ಇದೇ ಕಥೆ. ಹತ್ತರದ್ದರಲ್ಲಿ ಕಂಬಿ 4.2 ಮಿಲಿಮೀಟರ್. ಪಾಪೆ ಚೆನ್ನಾಗಿ ಹಿಗ್ಗುವ ಕಣ್ಣಿಗೆ ಎಂಟರದ್ದು ಒಂದೂವರೆ ಪಟ್ಟಿಗಿಂತ ತುಸು ಜಾಸ್ತಿ ಹೊಳಪಿನ ಚಿತ್ರ ಕೊಡುತ್ತದೆ. ಜರ್ಮನಿಯ ಬೇಟೆಗಾರರು ಮರದ ಅಟ್ಟಣೆಯ ಮೇಲೆ ಕೂತು ಕಾಯುವಾಗ 8×56 ಬಳಸುವ ರೂಢಿ ಇದೆ. ಕಂಬಿ ಪೂರ್ತಿ ಏಳು ಮಿಲಿಮೀಟರ್. ಆದರೆ ತೂಕ ಒಂದು ಕಿಲೋ ದಾಟುತ್ತದೆ. ಕೂತು ನೋಡುವವರಿಗೆ ಸರಿ, ಬುಕ್ಕಾಪಟ್ಟಣದಲ್ಲಿ ನಡೆದು ನೋಡುವವರಿಗೆ ಕುತ್ತಿಗೆ ನೋವು. ಅಮೆರಿಕದ ಪಶ್ಚಿಮ ಭಾಗದ ಬೋಳು ಗುಡ್ಡಗಳಲ್ಲಿ ಬೇಟೆಯಾಡುವವರು 10×42 ಇಷ್ಟಪಡುತ್ತಾರೆ, ಇನ್ನೂ ದೊಡ್ಡದನ್ನೂ ಬಳಸುತ್ತಾರೆ. ಆದರೆ ಅವರಲ್ಲಿ ಬಹಳ ಜನ ಅದನ್ನು ಟ್ರೈಪಾಡ್ ಮೇಲೆ ಕೂರಿಸಿಕೊಳ್ಳುತ್ತಾರೆ. ಜಾಹೀರಾತಿನಲ್ಲಿ ಟ್ರೈಪಾಡ್ ಕಾಣುವುದಿಲ್ಲ.

ಹತ್ತು ಪಟ್ಟು ಹಿಗ್ಗಿಸಿದರೆ ಕೈ ನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ. ದುರ್ಗದ ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ ಪಿಕಳಾರದ ಕತ್ತಿನ ಹಳದಿ ಕಾಣಬೇಕಾದರೆ ಚಿತ್ರ ನಿಲ್ಲಬೇಕು. ಇನ್ನೊಂದು ಮಾತು, ನೋಟದ ಅಗಲ. ನಿಕಾನ್ ಮೊನಾರ್ಕ್ ಎಂ5ರಲ್ಲಿ ಎಂಟರದ್ದು 6.4 ಡಿಗ್ರಿ ತೋರಿಸಿದರೆ ಹತ್ತರದ್ದು 5.6 ಡಿಗ್ರಿ. ಸಾವಿರ ಮೀಟರ್ ದೂರದಲ್ಲಿ ಸುಮಾರು 112 ಮೀಟರ್ ಅಗಲ, ಇನ್ನೊಂದರಲ್ಲಿ ಸುಮಾರು 98. ಓಡುವ ಹಿಂಡನ್ನು, ಪೊದೆಯಿಂದ ಪೊದೆಗೆ ಹಾರುವ ಹಕ್ಕಿಯನ್ನು ಹುಡುಕುವಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಹತ್ತರದ್ದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕೆರೆಯ ಏರಿಯ ಮೇಲೆ ಕೂತು, ಮೊಣಕೈಯನ್ನು ಮೊಣಕಾಲಿಗೆ ಊರಿ, ನೀರಿನಾಚೆಯ ಬಾತುಗಳನ್ನು ನೋಡುವವರಿಗೆ ಅದು ಒಳ್ಳೆಯದು. ಮಬ್ಬಿನಲ್ಲೂ ಚಿತ್ರ ಅಲುಗದಂತೆ ನಿಂತರೆ ಹತ್ತರದ್ದರಲ್ಲಿ ಹೆಚ್ಚು ವಿವರ ಸಿಗುತ್ತದೆ. ಆದರೆ ಬಯಲಿನಲ್ಲಿ ಹನ್ನೊಂದು ಗಂಟೆಯ ಮೇಲೆ ಬಿಸಿಲ ಝಳ ಏಳುತ್ತದೆ. ಗಾಳಿಯೇ ಕುದಿಯುವಾಗ ಎಷ್ಟು ಪಟ್ಟು ಹಿಗ್ಗಿಸಿದರೂ ಆ ಕುದಿತವೇ ದೊಡ್ಡದಾಗಿ ಕಾಣುತ್ತದೆ. ಒಂದೇ ಬೈನಾಕ್ಯುಲರ್, ಎಲ್ಲ ಕಡೆಗೂ ಅದೇ ಎನ್ನುವವರಿಗೆ ನನ್ನ ಸಲಹೆ 8×42.

ಈಗ ದುಡ್ಡಿನ ಮಾತು. ನಾನು ಮಧ್ಯಮ ಬೆಲೆ ಎಂದು ಹೇಳುತ್ತಿರುವುದು ಸುಮಾರು ಹತ್ತು ಸಾವಿರದಿಂದ ಮೂವತ್ತು ಸಾವಿರದ ನಡುವಿನದನ್ನು. ಇದರ ಮೇಲೆ ಲಕ್ಷ ದಾಟಿದವು ಇವೆ, ಸ್ವರೋವ್‌ಸ್ಕಿ, ಲೈಕಾ, ಜೈಸ್. ಅವು ನಿಜಕ್ಕೂ ಅದ್ಭುತ. ಆದರೆ ಮೂರು ಸಾವಿರದ್ದನ್ನು ಬಿಟ್ಟು ಹದಿನೈದು ಸಾವಿರದ್ದಕ್ಕೆ ಬಂದಾಗ ಆಗುವ ಬದಲಾವಣೆ ಬಹಳ ದೊಡ್ಡದು. ಆ ದುಡ್ಡು ಎಲ್ಲಿಗೆ ಹೋಗಿದೆ ಎಂದು ತಿಳಿದರೆ ಮೋಸ ಹೋಗುವುದಿಲ್ಲ.

ಮೊದಲನೆಯದು ಗಾಜಿನ ಮೇಲಿನ ಕೋಟಿಂಗ್. ಬರಿ ಗಾಜಿನ ಪ್ರತಿ ಮೇಲ್ಮೈಯಲ್ಲೂ ನೂರಕ್ಕೆ ನಾಲ್ಕರಷ್ಟು ಬೆಳಕು ವಾಪಸ್ ಹೋಗುತ್ತದೆ. ಒಂದು ಕೊಳವೆಯಲ್ಲಿ ಅಂಥ ಹತ್ತು ಮೇಲ್ಮೈ ಇದ್ದರೆ ಮೂರನೇ ಒಂದು ಪಾಲು ಬೆಳಕು ದಾರಿಯಲ್ಲೇ ಹೋಯಿತು. ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ಇದನ್ನು ತಡೆಯುವ ತೆಳು ಲೇಪನವನ್ನು ಕಂಡುಹಿಡಿದರು. ಇವತ್ತು ಪೆಟ್ಟಿಗೆಯ ಮೇಲೆ 'ಫುಲ್ಲಿ ಮಲ್ಟಿಕೋಟೆಡ್' ಎಂದು ಬರೆದಿರಬೇಕು. ಬರಿ 'ಕೋಟೆಡ್' ಎಂದಿದ್ದರೆ ಎಲ್ಲೋ ಒಂದೆರಡು ಮೇಲ್ಮೈಗೆ ಮಾತ್ರ ಬಳಿದಿರಬಹುದು. ಜಾತ್ರೆ, ಸಂತೆಗಳಲ್ಲಿ ಕೆಂಪಗೆ ಹೊಳೆಯುವ ಲೆನ್ಸಿನದ್ದು ಸಿಗುತ್ತದಲ್ಲ, ಅದು ಕೆಂಪು ಬೆಳಕನ್ನು ಹೊರಗೆ ಚೆಲ್ಲುತ್ತದೆ. ಚಿತ್ರ ಹಸಿರು ನೀಲಿಗೆ ತಿರುಗುತ್ತದೆ. ಪಾಪ, ಮಕ್ಕಳು ಅದನ್ನೇ ಬೈನಾಕ್ಯುಲರ್ ಅಂದುಕೊಂಡು ಬೇಸರಪಟ್ಟುಕೊಳ್ಳುತ್ತವೆ.

ಎರಡನೆಯದು ಪ್ರಿಸಂ, ಅಂದರೆ ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಒಳಗಿನ ಗಾಜಿನ ತುಂಡು. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ ಹಳೆಯದು, ಭುಜ ಅಗಲವಾಗಿ ಕಾಣುತ್ತದೆ. ನೇರ ಕೊಳವೆಯ ಹಾಗಿರುವುದು ರೂಫ್ ಪ್ರಿಸಂನದ್ದು. ಕೈಗೆ ಚೆನ್ನಾಗಿ ಕೂರುತ್ತದೆ, ಮಳೆ ನೀರು ಹೋಗದಂತೆ ಮುಚ್ಚುವುದೂ ಸುಲಭ. ಆದರೆ ಅದರೊಳಗೆ ಬೆಳಕು ಎರಡಾಗಿ ಸೀಳಿ ಸೇರುವಾಗ ಚಿತ್ರ ಮಸುಕಾಗುತ್ತದೆ. 1988ರಲ್ಲಿ ಜೈಸ್‌ನವರು ಅದಕ್ಕೆ 'ಫೇಸ್ ಕೋಟಿಂಗ್' (phase coating) ಎಂಬ ಲೇಪನದ ಪರಿಹಾರ ತಂದರು. ಈ ಬೆಲೆಯಲ್ಲಿ ರೂಫ್ ಪ್ರಿಸಂ ಕೊಳ್ಳುತ್ತಿದ್ದರೆ ಫೇಸ್ ಕೋಟಿಂಗ್ ಇದೆಯಾ ಎಂದು ಕೇಳಲೇಬೇಕು. ಅದರ ಜೊತೆ 'ಡೈಎಲೆಕ್ಟ್ರಿಕ್' ಲೇಪನವೂ ಇದ್ದರೆ ಪ್ರಿಸಂನೊಳಗಿನ ಕನ್ನಡಿ ನೂರಕ್ಕೆ 99ಕ್ಕೂ ಹೆಚ್ಚು ಬೆಳಕನ್ನು ಮುಂದೆ ಕಳಿಸುತ್ತದೆ. ಮುಸ್ಸಂಜೆಯಲ್ಲಿ ನಿಮಗೆ ಸಿಗುವ ಕೊನೆಯ ಹತ್ತು ನಿಮಿಷ ಇಲ್ಲಿಂದ ಬರುತ್ತದೆ. ಹತ್ತು ಸಾವಿರಕ್ಕಿಂತ ಕಡಿಮೆ ಇದೆ ಎನ್ನುವವರು ರೂಫ್ ಪ್ರಿಸಂ ಆಸೆ ಬಿಟ್ಟು ಒಲಿಂಪಸ್ 8×40 ಡಿಪಿಎಸ್ ಥರದ ಪೊರೊ ನೋಡಿ. ಅದೇ ದುಡ್ಡಿಗೆ ಗಾಜು ಚೆನ್ನಾಗಿರುತ್ತದೆ. ಮಳೆಯಲ್ಲಿ ಮಾತ್ರ ಜೋಪಾನ.

'ಇಡಿ' (ED) ಎಂಬ ವಿಶೇಷ ಗಾಜು ಕಪ್ಪು ಬಿಳುಪು ಸೇರುವ ಅಂಚಿನ ನೇರಳೆ ಗೆರೆಯನ್ನು ಕಡಿಮೆ ಮಾಡುತ್ತದೆ. ಇದ್ದರೆ ಒಳ್ಳೆಯದು. ಮೊನಾರ್ಕ್ ಎಂ5, ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ ಇಡಿ ಇಂಥವುಗಳಲ್ಲಿ ಇದೆ. ದೂರ ಅಳೆಯುವ ಲೇಸರ್, ಎಲೆ ಬಣ್ಣದ ಚಿತ್ತಾರ, ಇವು ಬೇಟೆಗಾರನಿಗೆ ಇರಲಿ. ಅದಕ್ಕೆ ಕೊಡುವ ದುಡ್ಡು ನಿಮಗೆ ಗಾಜಿಗೆ ಬೇಕು.

ಕನ್ನಡಕ ಹಾಕುವವರು ಕೈ ಎತ್ತಿ. ಅರ್ಧ ಸಭೆ! ನೀವು 'ಐ ರಿಲೀಫ್' ನೋಡಿ, ಅಂದರೆ ಹಿಂದಿನ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಚಿತ್ರ ಕಾಣುತ್ತದೆ ಎಂಬ ಅಳತೆ. ಕನಿಷ್ಠ 15, ಸಾಧ್ಯವಾದರೆ 17 ಮಿಲಿಮೀಟರ್. ಕಡಿಮೆ ಇದ್ದರೆ ಚಿತ್ರದ ನಡುಭಾಗ ಮಾತ್ರ ಕಾಣುತ್ತದೆ. ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಪೂರ್ತಿ ಒಳಗೆ ತಿರುಗಿಸಿ ನೋಡಬೇಕು. ಕನ್ನಡಕ ಇಲ್ಲದವರು ಹೊರಗೆ ಎಳೆದುಕೊಳ್ಳಬೇಕು.

ಕೊಳ್ಳುವಾಗ ಪರೀಕ್ಷೆ ಹೇಗೆ? ಮೊದಲು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಬಲ ಮುಂಭಾಗವನ್ನು ಕೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಭಾಗ ಮುಚ್ಚಿ, ಬಲಗಡೆ ಇರುವ ಉಂಗುರದಿಂದ ಬಲಗಣ್ಣಿಗೆ ಸರಿಮಾಡಿ. ಎಷ್ಟೋ ಜನ ಇದನ್ನು ಮಾಡದೆಯೇ ಒಳ್ಳೆಯ ಬೈನಾಕ್ಯುಲರ್ ಅನ್ನು ಕೆಟ್ಟದ್ದೆಂದು ಮೂಲೆಗೆ ಹಾಕುತ್ತಾರೆ. ಆಮೇಲೆ ಕರೆಂಟ್ ತಂತಿಯ ಮೇಲೆ ಕೂತ ಕಾಗೆ ನೋಡಿ. ಬೆಳ್ಳಗಿನ ಆಕಾಶದ ಎದುರು ರೆಕ್ಕೆಯ ಅಂಚಿನಲ್ಲಿ ಬಣ್ಣದ ಗೆರೆ ಎಷ್ಟಿದೆ? ದೂರದ ಅಂಗಡಿಯ ಬೋರ್ಡ್ ಓದಿ. ಅಕ್ಷರ ಎರಡೆರಡಾಗಿ ಕಂಡರೆ, ಅಥವಾ ಎರಡು ನಿಮಿಷದಲ್ಲಿ ಹಣೆ ಹಿಡಿದುಕೊಂಡಂತಾದರೆ ಎರಡು ಕೊಳವೆಗಳು ಒಂದೇ ದಿಕ್ಕಿಗಿಲ್ಲ ಎಂದರ್ಥ. ಅದನ್ನು ಕೊಳ್ಳಬೇಡಿ. ಹಿಂದಿನ ಗಾಜಿನ ಬಿಳಿ ಚುಕ್ಕೆ ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಇರಬಾರದು. ಯಾವತ್ತೂ ಸೂರ್ಯನ ಕಡೆ ತಿರುಗಿಸಬೇಡಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ, ಕಣ್ಣೇ ಹೋಗುತ್ತದೆ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಮಾಡುವ ಅವಕಾಶ ಇರುವ ಕಡೆಯೇ ತರಿಸಿ, ಮೊದಲ ಸಂಜೆಯೇ ಪರೀಕ್ಷೆ ಮಾಡಿ. ಮನೆಗೆ ಬಂದ ಮೇಲೆ ನಮ್ಮ ಕೆಂಪು ಮಣ್ಣಿನ ಧೂಳು ಅದರ ದೊಡ್ಡ ಶತ್ರು. ಪಂಚೆ ಅಂಚಿನಿಂದ, ಸೆರಗಿನಿಂದ ಒರೆಸಿದರೆ ಆ ಧೂಳೇ ಕೋಟಿಂಗನ್ನು ಗೀರುತ್ತದೆ. ಮೊದಲು ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಲೆನ್ಸ್ ಬಟ್ಟೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ.

ಒಳ್ಳೆಯ ಬೈನಾಕ್ಯುಲರ್ ಇದ್ದರೆ ಹತ್ತಿರ ಹೋಗುವ ಆಸೆ ತಾನಾಗೇ ಕಡಿಮೆಯಾಗುತ್ತದೆ, ಅದೂ ಪ್ರಾಣಿಗೆ ಒಳ್ಳೆಯದು. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದ ಬುಡಕ್ಕೆ ಹೋಗಿ ನಿಲ್ಲಬೇಡಿ, ರಸ್ತೆಯಿಂದಲೇ ಮರಿಯ ಕೊಕ್ಕು ಕಾಣುತ್ತದೆ. ನೋಡುತ್ತಿರುವಾಗ ಬೇಲಿಯಲ್ಲಿ ಉರುಲು, ಬಲೆ ಕಣ್ಣಿಗೆ ಬಿದ್ದರೆ ನೀವೇ ಮುಟ್ಟಲು ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ.

ಹೊರಗೆ ಮೇಜಿನ ಮೇಲೆ ನಾಲ್ಕು ಬೈನಾಕ್ಯುಲರ್ ಇಟ್ಟಿದ್ದೇವೆ, ಬೆಲೆ ಚೀಟಿಗಳನ್ನು ಮುಚ್ಚಿದ್ದೇವೆ. ಈಗ ಒಮ್ಮೆ ನೋಡಿ. ಚಹಾ ಕುಡಿದು, ಬೆಳಕು ಇಳಿದ ಮೇಲೆ ಅದೇ ಮರದ ನೆರಳನ್ನು ನಾಲ್ಕರಲ್ಲೂ ಇನ್ನೊಮ್ಮೆ ನೋಡಿ, ಯಾವುದು ನಿಮ್ಮ ಕಣ್ಣಿಗೆ ಹಿಡಿಸಿತು ಎಂದು ಬರೆದು ಕೊಡಿ. ಆಮೇಲೆ ಚೀಟಿ ತೆಗೆಯೋಣ.