ಟಕೋಮಾದ ಕ್ರೌನ್-ಪಿನಿಯನ್ ಎರಡು ಸಲ ಬಿಚ್ಚಿದ ಕಥೆ

ಈ ವಿಡಿಯೊದಲ್ಲಿ ಮೊದಲು ಈ ಶಬ್ದ ಕೇಳಿಸಿಕೊಳ್ಳಿ.

ಅಮೆರಿಕದ ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಐಸೆನ್‌ಹೋವರ್ ಸುರಂಗದ ಕಡೆ ಹತ್ತುತ್ತಿದ್ದೇನೆ. ಗಾಡಿ ನಾಲ್ಕನೇ ಗೇರ್‌ಗೆ ಬರುತ್ತದೆ, ಅಲ್ಲಿ ನಿಲ್ಲುವುದಿಲ್ಲ, ಮೂರಕ್ಕೆ ಇಳಿಯುತ್ತದೆ. ಮತ್ತೆ ನಾಲ್ಕು. ಮತ್ತೆ ಮೂರು. ಸುರಂಗ ಇರುವುದು 11,000 ಅಡಿಗಿಂತ ಮೇಲೆ. ಅಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ಮೊದಲೇ ಉಸಿರು ಸಾಲದು. ಆದರೆ ಹಳೆಯ ಟೈರ್ ಇದ್ದಾಗ ಇದೇ ಗಾಡಿ ಇದೇ ಏರನ್ನು ಇಷ್ಟು ಕಷ್ಟಪಟ್ಟು ಹತ್ತುತ್ತಿರಲಿಲ್ಲ.

ನನ್ನದು ಎರಡನೇ ತಲೆಮಾರಿನ ಟೊಯೊಟಾ ಟಕೋಮಾ ಪಿಕಪ್. 4 ಲೀಟರ್ ವಿ6, ಐದು ಗೇರಿನ ಆಟೊಮ್ಯಾಟಿಕ್. ಕಂಪನಿಯಿಂದ ಬಂದ ಟೈರ್‌ನ ಎತ್ತರ ಸುಮಾರು 30.6 ಇಂಚು. ನಾನು ಹಾಕಿದ್ದು 285/75 ಆರ್16, ಅಂದರೆ 32.8 ಇಂಚು. ಎರಡು ಇಂಚು ತಾನೇ ಅನಿಸುತ್ತದೆ. ಆದರೆ ದೊಡ್ಡ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ. ಅದನ್ನು ತಿರುಗಿಸಲು ಜಾಸ್ತಿ ಬಲವೂ ಬೇಕು. ಸೈಕಲ್‌ನಲ್ಲಿ ಹಿಂದಿನ ಹಲ್ಲಿನ ಚಕ್ರ ಚಿಕ್ಕದು ಮಾಡಿ ಏರು ಹತ್ತಿದ ಹಾಗೆ. ಸ್ಪೀಡೊಮೀಟರ್ ಕೂಡ ತಪ್ಪು ಹೇಳುತ್ತದೆ: ಮುಳ್ಳು 65 ಮೈಲಿ ತೋರಿಸುವಾಗ ಗಾಡಿ 70ರ ಹತ್ತಿರ ಓಡುತ್ತಿರುತ್ತದೆ.

ಎಂಜಿನ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ನಾನು ಟೈರ್ ಬದಲಿಸಿ ಲೆಕ್ಕವನ್ನೇ ಕೆಡಿಸಿದ್ದೆ. ಸರಿಮಾಡಬೇಕಾದ ಜಾಗ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಒಳಗಿದೆ. ಊರಿನ ಗ್ಯಾರೇಜ್‌ಗಳಲ್ಲಿ ನಾವು ಕ್ರೌನ್-ಪಿನಿಯನ್ ಅನ್ನುತ್ತೇವಲ್ಲ, ಅದೇ: ಎಂಜಿನ್ ಬಲವನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ಗೇರ್ ಜೋಡಿ. ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್.

ಮೇಜಿನ ಮೇಲೆ ಇರುವುದು ಹಳೆಯ ಜೋಡಿ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11. ಭಾಗಿಸಿದರೆ 3.73, ಅಂದರೆ ಚಕ್ರ ಒಂದು ಸುತ್ತು ಬರಲು ಪಿನಿಯನ್ ಅಷ್ಟು ಸುತ್ತು ತಿರುಗಬೇಕು. ಈ ಸಂಖ್ಯೆ ದೊಡ್ಡದಾದಷ್ಟು ಚಕ್ರಕ್ಕೆ ಬಲ ಜಾಸ್ತಿ. ಪಕ್ಕದಲ್ಲಿ ಹೊಸದು. ಕ್ರೌನ್‌ಗೆ ಅಷ್ಟೇ 41, ಪಿನಿಯನ್‌ಗೆ 9. ಅಂದರೆ 4.56. ಪಿನಿಯನ್ ಎಷ್ಟು ಸಣ್ಣದಾಗಿದೆ ನೋಡಿ. ನಡುವೆ 4.10 ಕೂಡ ಸಿಗುತ್ತದೆ. ಅದನ್ನು ಹಾಕಿದರೆ ಹೆಚ್ಚು ಕಡಿಮೆ ಮೊದಲಿನ ಸ್ಥಿತಿಗೆ ಬರುತ್ತಿತ್ತು. ಆದರೆ ನನ್ನ ಗಾಡಿಯ ಮೇಲೆ ಟೆಂಟ್ ಇದೆ, ಮುಂದೆ ಸ್ಟೀಲ್ ಬಂಪರ್ ಇದೆ, ಟೈರ್‌ಗಳೂ ಭಾರ. ಹಾಗಾಗಿ 4.56. ಟಾಪ್ ಗೇರ್‌ನಲ್ಲಿ 65 ಮೈಲಿ ವೇಗಕ್ಕೆ ಮೊದಲು 1,900 ಆರ್‌ಪಿಎಂ ಇತ್ತು, ದೊಡ್ಡ ಟೈರ್ ಹಾಕಿದ ಮೇಲೆ 1,780ಕ್ಕೆ ಇಳಿಯಿತು, ಈಗ ಸುಮಾರು 2,170. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿದರೂ ಪರವಾಗಿಲ್ಲ ಅಂತ ಒಪ್ಪಿಕೊಂಡೇ ಆರಿಸಿದೆ.

ಒಂದು ಮಾತು ಮರೆಯಬೇಡಿ. ಹಿಂದೆ ಬದಲಿಸಿದರೆ ಮುಂದೆಯೂ ಬದಲಿಸಲೇಬೇಕು. ಎರಡು ಆಕ್ಸಲ್‌ಗೆ ಬೇರೆ ಬೇರೆ ಲೆಕ್ಕ ಇಟ್ಟು ಗಟ್ಟಿ ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿದರೆ ಒಂದು ಇನ್ನೊಂದನ್ನು ಎಳೆದಾಡುತ್ತದೆ, ಏನಾದರೊಂದು ಮುರಿಯುತ್ತದೆ. ಖರ್ಚು ದುಪ್ಪಟ್ಟಾಗುವುದು ಅದಕ್ಕೇ.

ಮೊದಲ ಸಲ ಒಂದು ಅಂಗಡಿಗೆ ಕೊಟ್ಟಿದ್ದೆ. ಮುಂದಿನ ಆಕ್ಸಲ್ ಚೆನ್ನಾಗಿಯೇ ಮಾಡಿದ್ದರು. ಹಿಂದಿನ ಆಕ್ಸಲ್ 50 ಮೈಲಿ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಊಳಿಡುತ್ತಿತ್ತು. "ಹೊಸ ಗೇರ್ ಅಲ್ವಾ, ಹೊಂದಿಕೊಳ್ಳುತ್ತದೆ" ಅಂದರು. ಹೊಂದಿಕೊಳ್ಳಲಿಲ್ಲ. ಎಣ್ಣೆ ಇಳಿಸಿ ನೋಡಿದರೆ ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಮಿನುಗುವ ಚೂರುಗಳು. ಹೊಸ ಗೇರ್ ಹಾಳಾಗಿತ್ತು. ತುಂಬಾ ಬೇಜಾರಾಯಿತು. ದುಡ್ಡಿಗಿಂತ, ನಂಬಿ ಕೊಟ್ಟಿದ್ದೆ ಅನ್ನುವ ಬೇಜಾರು.

ಹಾಗಾಗಿ ಇದು ಎರಡನೇ ಸಲ, ಗೆಳೆಯನ ಗ್ಯಾರೇಜ್‌ನಲ್ಲಿ. ಟೊಯೊಟಾದ ಹಿಂದಿನ ಡಿಫರೆನ್ಷಿಯಲ್, ಅಂದರೆ ಈ ಗೇರ್‌ಗಳು ಕೂತಿರುವ ಭಾಗ, ಇಡಿಯಾಗಿ ಈಚೆ ಬರುತ್ತದೆ. ಆಕ್ಸಲ್ ಶಾಫ್ಟ್ ಎರಡನ್ನೂ ಎಳೆದು, ನಟ್ ಬಿಚ್ಚಿ, ಮೇಜಿಗೆ ತಂದಿಟ್ಟು ಆರಾಮಾಗಿ ಕೆಲಸ ಮಾಡಬಹುದು.

ಈ ಹಳದಿ ಪೇಸ್ಟ್ ನೋಡಿ. ಕ್ರೌನ್‌ನ ನಾಲ್ಕೈದು ಹಲ್ಲಿಗೆ ಬ್ರಷ್‌ನಲ್ಲಿ ಹಚ್ಚಿ, ಸ್ವಲ್ಪ ತಡೆ ಕೊಟ್ಟು, ಆ ಕಡೆ ಈ ಕಡೆ ತಿರುಗಿಸುತ್ತೇವೆ. ಪಿನಿಯನ್ ಎಲ್ಲಿ ಒತ್ತುತ್ತದೋ ಅಲ್ಲಿ ಬಣ್ಣ ಸರಿದು ಲೋಹ ಕಾಣುತ್ತದೆ. ಮೊದಲ ಗುರುತು ಹಲ್ಲಿನ ಬುಡಕ್ಕೆ ಇಳಿದಿತ್ತು. ಅಂದರೆ ಪಿನಿಯನ್ ಜಾಸ್ತಿ ಒಳಗೆ ಹೋಗಿದೆ. ಶಿಮ್ (ಪಿನಿಯನ್ ಎಷ್ಟು ಒಳಗೆ ಕೂರಬೇಕು ಅಂತ ನಿರ್ಧರಿಸುವ ತೆಳು ಲೋಹದ ಬಿಲ್ಲೆ) ತೆಗೆದು ಇನ್ನೂ ತೆಳುವಾದದ್ದು ಹಾಕಿದೆವು. ಈಗ ತುದಿಗೆ ಹೋಯಿತು. ಮತ್ತೆ ಬಿಚ್ಚು. ಪ್ರತಿ ಸಲ ಬೇರಿಂಗ್ ಒತ್ತಿ ತೆಗೆಯುವ ಕಷ್ಟ ಬೇಡ ಅಂತ ಗೆಳೆಯ ಹಳೆಯ ಬೇರಿಂಗ್‌ನ ಒಳಮೈ ಉಜ್ಜಿ ಸಡಿಲ ಮಾಡಿ ಇಟ್ಟುಕೊಂಡಿದ್ದಾನೆ. ಅದು ಕೈಯಲ್ಲೇ ಜಾರಿ ಕೂರುತ್ತದೆ. ನಾಲ್ಕನೇ ಸಲಕ್ಕೆ ಗುರುತು ಹಲ್ಲಿನ ನಡುವೆ ಬಂತು, ಮೆತ್ತಗೆ ಒತ್ತಿದ ಹೆಬ್ಬೆರಳಿನ ಗುರುತಿನ ಹಾಗೆ. ಹಲ್ಲುಗಳ ನಡುವಿನ ಸಡಿಲ 0.007 ಇಂಚು. ಎರಡು ಕೂದಲೆಳೆಯಷ್ಟು. ಅಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಆ ಗುರುತನ್ನು ನಾವಿಬ್ಬರೂ ಸುಮ್ನೆ ನೋಡುತ್ತಾ ನಿಂತಿದ್ದೆವು.

ಮರುದಿನ ಗೋಲ್ಡನ್‌ನಿಂದ ಬೌಲ್ಡರ್ ಕಡೆ ಹೈವೇ 93ರಲ್ಲಿ 20 ಮೈಲಿ, ಮೆತ್ತಗೆ. ಆಮೇಲೆ ನಿಲ್ಲಿಸಿ, ಹೌಸಿಂಗ್ (ಗೇರ್‌ಗಳ ಹೊರಕವಚ) ಪೂರ್ತಿ ತಣ್ಣಗಾಗುವವರೆಗೆ ಕಾಯುವುದು. ಹೀಗೆ ನಾಲ್ಕು ಸಲ. ಹೊಸ ಗೇರ್ ಮೊದಲು ತುಂಬಾ ಬಿಸಿಯಾಗುತ್ತದೆ. ಈ ತಾಳ್ಮೆ ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ಸುಟ್ಟು ಹೋಗುತ್ತದೆ.

ಈಗ ಮತ್ತೆ ಐ-70. ನಾಲ್ಕನೇ ಗೇರ್, 60 ಮೈಲಿ, 2,800 ಆರ್‌ಪಿಎಂ. ಜಾರ್ಜ್‌ಟೌನ್ ದಾಟಿತು. ಸಿಲ್ವರ್ ಪ್ಲೂಮ್ ದಾಟಿತು. ಸುರಂಗದ ಮುಂಚಿನ ಕೊನೆಯ ಕಡಿದಾದ ಏರಿನಲ್ಲಿ ಒಂದೇ ಸಲ ಮೂರಕ್ಕೆ ಇಳಿಯಿತು, ಅಲ್ಲೇ ನಿಂತಿತು. ಕಾಲು ತೆಗೆದರೂ ಹಿಂದಿನಿಂದ ಯಾವ ಶಬ್ದವೂ ಇಲ್ಲ.

ಇದು 500 ಮೈಲಿ ಆದ ಮೇಲೆ, ಎಣ್ಣೆ ಬದಲಿಸುವಾಗ ತೆಗೆದದ್ದು. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಿದ್ದೇನೆ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದೆ. ಬೆರಳಲ್ಲಿ ತಿಕ್ಕಿ ನೋಡಿದೆ. ಚೂರು ಒಂದೂ ಇಲ್ಲ.