ವಿಡಿಯೋ ಸಾಕಷ್ಟಿದೆ, ಉತ್ತರ ಓದುವವರು ಎಲ್ಲಿ?

ನಮಸ್ಕಾರ. ಯಾವುದಾದರೂ ವಿಶ್ವವಿದ್ಯಾಲಯ ಹೊಸ ಆನ್‌ಲೈನ್ ಕೋರ್ಸ್ ತರುತ್ತಿದೆ ಎಂದು ಕೇಳಿದಾಗಲೆಲ್ಲ ನನಗೆ ತಿಳಿಯಬೇಕೆನಿಸುವುದು ಒಂದೇ ಸಂಗತಿ. ವಿದ್ಯಾರ್ಥಿ ತಪ್ಪು ಬರೆದರೆ ಅದನ್ನು ಓದುವವರು ಯಾರು? ಈ ಪ್ರಶ್ನೆ ಕೇಳಿದರೆ ಅವರು ಸ್ಟುಡಿಯೋ ತೋರಿಸುತ್ತಾರೆ. ಹಸಿರು ಪರದೆ, ಎರಡು ಕ್ಯಾಮೆರಾ, ಕುಲಪತಿಗಳ ಸ್ವಾಗತ ಭಾಷಣ, ತಿರುಗುವ ಲಾಂಛನ. ಓದುವವರ ವಿಷಯ ಮಾತ್ರ ಬರುವುದೇ ಇಲ್ಲ.

ಇದು ಸಣ್ಣ ಮಾತಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣವಾದ ‘ಸ್ವಯಂ’ ವೇದಿಕೆ 2017ರ ಜುಲೈನಲ್ಲಿ ಆರಂಭವಾಯಿತು. ಅದಕ್ಕಿಂತ ಬಹಳ ಮೊದಲೇ, 2003ರಲ್ಲಿ, ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಉಪನ್ಯಾಸಗಳ ವಿಡಿಯೋ ಯೋಜನೆಯಾದ ಎನ್‌ಪಿಟಿಇಎಲ್ ಶುರು ಮಾಡಿದ್ದವು. ಆಗ ಇವು ಆಸಕ್ತರಿಗೆ ಸಿಗುವ ಹೆಚ್ಚುವರಿ ಪಾಠಗಳಾಗಿದ್ದವು. ಈಗ ಹಾಗಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕವೇ ಮುಗಿಸಲು ಅವಕಾಶವಿದೆ. ಪದವಿಯ ಅರ್ಧಕ್ಕೆ ಸಮೀಪ ಬಂದ ಮೇಲೆ, ಅಲ್ಲಿ ಏನನ್ನು ಕಲಿಸುತ್ತಿದ್ದೇವೆ ಎಂದು ಕೇಳುವುದು ನಮ್ಮ ಹಕ್ಕು.

ಕಾಗದದ ಮೇಲೆ ಸ್ವಯಂ ವಿನ್ಯಾಸ ಚೆನ್ನಾಗಿಯೇ ಇದೆ. ನಾಲ್ಕು ಅಂಗಗಳು: ವಿಡಿಯೋ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಚರ್ಚಾ ವೇದಿಕೆ. ಆದರೆ ಹಣವೂ ಗಮನವೂ ಹರಿಯುವುದು ಮೊದಲನೆಯದಕ್ಕೆ. ಅಲ್ಲಿಯೂ ಮಹಾ ಸುಧಾರಣೆಯೆಂದರೆ ಐವತ್ತು ನಿಮಿಷದ ಉಪನ್ಯಾಸವನ್ನು ಎಂಟು ತುಂಡು ಮಾಡುವುದು. ಇದಕ್ಕೆ ಆಧಾರವಿಲ್ಲವೆಂದಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯಲ್ಲಿ ಜನ ವಿಡಿಯೋ ನೋಡಿದ ಸುಮಾರು 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ವಿಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯ ವೀಕ್ಷಕ ಆರು ನಿಮಿಷ ಮೀರಿ ಕೂರುವುದಿಲ್ಲ ಎಂದು ತೋರಿಸಿತು. ಸರಿ, ತುಂಡು ಮಾಡಿ. ಆದರೆ ನೀರಸ ಪಾಠವನ್ನು ಕತ್ತರಿಸಿದರೆ ಸಿಗುವುದು ಎಂಟು ನೀರಸ ಪಾಠ.

ಕಲಿತದ್ದು ಮನಸ್ಸಿನಲ್ಲಿ ಉಳಿಯುವುದು ನೋಡಿದ್ದರಿಂದಲ್ಲ, ನೆನಪಿನಿಂದ ಹೊರತೆಗೆದದ್ದರಿಂದ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಒಂದು ಗದ್ಯಭಾಗವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಲ್ಲಿ ಉಳಿದದ್ದು ಸುಮಾರು ಶೇ. 42, ಬರೆದವರಲ್ಲಿ ಶೇ. 56. ವಿಡಿಯೋವನ್ನು ಎರಡನೇ ಸಲ ನೋಡಿ "ಅರ್ಥವಾಯಿತು" ಎಂದುಕೊಳ್ಳುವ ವಿದ್ಯಾರ್ಥಿ ಈ ಐದು ನಿಮಿಷದ ಗೆಲುವಿನಲ್ಲೇ ಮೋಸ ಹೋಗುತ್ತಾನೆ.

ಹಾಗಾದರೆ ಪ್ರಶ್ನೆ ಕೇಳಬೇಕು. ಎಂಥ ಪ್ರಶ್ನೆ? ಅರ್ಥಶಾಸ್ತ್ರದ ಮೊದಲ ವರ್ಷವನ್ನೇ ತೆಗೆದುಕೊಳ್ಳಿ. "ಬೆಲೆ ಏರಿದರೆ ಬೇಡಿಕೆಯ ಪ್ರಮಾಣ ಏನಾಗುತ್ತದೆ? ಅ) ಏರುತ್ತದೆ ಆ) ಇಳಿಯುತ್ತದೆ." ಪಾಠ ಕೇಳದವನೂ ಅಂದಾಜಿನಲ್ಲಿ ಸರಿ ಒತ್ತುತ್ತಾನೆ. ಈಗ ಇದನ್ನು ನೋಡಿ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಕೋಲಾರದ ಎಪಿಎಂಸಿಗೆ ಬರುವ ಮಾಲು ಕಡಿಮೆಯಾಗಿತ್ತು. ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣು ಬಂತು. "ಆ ತಿಂಗಳು ಟೊಮೇಟೊ ಬೇಡಿಕೆ ಕುಸಿಯಿತು ಎಂದು ನಿಮ್ಮ ಗೆಳೆಯ ಹೇಳುತ್ತಾನೆ. ಅವನು ಹೇಳಿದ್ದು ಸರಿಯೇ? ಐದು ಸಾಲಿನಲ್ಲಿ ಬರೆಯಿರಿ." ಬಹುತೇಕರು ಹೌದು ಎನ್ನುತ್ತಾರೆ. ತಪ್ಪು. ಜನ ಕೊಂಡ ಪ್ರಮಾಣ ಇಳಿಯಿತು. ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಬೇಡಿಕೆಯ ರೇಖೆ ಕದಲಲೇ ಇಲ್ಲ, ಎಡಕ್ಕೆ ಸರಿದದ್ದು, ಅಂದರೆ ಕುಗ್ಗಿದ್ದು, ಪೂರೈಕೆಯ ರೇಖೆ. ಕೊಂಡ ಪ್ರಮಾಣವನ್ನೂ ಬೇಡಿಕೆಯನ್ನೂ ಬೆರೆಸಿಕೊಂಡವನು ಮೂರನೇ ವರ್ಷಕ್ಕೆ ಬಂದರೂ ಬೆರೆಸಿಕೊಂಡೇ ಇರುತ್ತಾನೆ. ಅವನ ಐದು ಸಾಲನ್ನು ಓದಿ "ನೀನು ರೇಖೆಯ ಮೇಲೆ ಜಾರಿದ್ದನ್ನು ರೇಖೆಯೇ ಸರಿಯಿತು ಅಂದುಕೊಂಡಿದ್ದೀಯ" ಎಂದು ಯಾರಾದರೂ ಒಂದು ವಾಕ್ಯ ಬರೆದರೆ, ಅಲ್ಲಿಗೆ ಮುಗಿಯಿತು. ಆ ಒಂದು ವಾಕ್ಯವೇ ಕೋರ್ಸು. ಉಳಿದದ್ದು ಅದಕ್ಕೆ ಪೀಠಿಕೆ.

ಈ ಐದು ಸಾಲನ್ನು ಕನ್ನಡದಲ್ಲಿ ಬರೆಯಲು ಬಿಡಿ ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ. ಉಪನ್ಯಾಸ ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ. ತಪ್ಪು ಎಲ್ಲಿದೆಯೆಂದು ಕಾಣಬೇಕಾದರೆ ವಿದ್ಯಾರ್ಥಿ ತಾನು ಯೋಚಿಸುವ ಭಾಷೆಯಲ್ಲೇ ಬರೆಯಬೇಕು.

ಈಗ ನಡೆಯುತ್ತಿರುವುದೇನು? ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ವಾರದ ಅಸೈನ್‌ಮೆಂಟುಗಳಿಗೆ ಶೇ. 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ. 75. ಬಹು ಆಯ್ಕೆಯ ಉತ್ತರಗಳು ಕೊನೆಯ ದಿನಾಂಕಕ್ಕೆ ಮೊದಲೇ ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತವೆ. ವಿದ್ಯಾರ್ಥಿಗಳನ್ನು ಬೈಯುವವರು ಬೈಯಲಿ. ನನಗೆ ಮಾತ್ರ, ಯಾರೂ ಓದದ ಉತ್ತರವನ್ನು ಪ್ರಾಮಾಣಿಕವಾಗಿ ಬರೆಯಿರಿ ಎನ್ನುವುದೇ ವಿಚಿತ್ರವಾಗಿ ಕಾಣುತ್ತದೆ.

ಇದಕ್ಕೆ ಬರುವ ಆಕ್ಷೇಪ ಗೊತ್ತೇ ಇದೆ: ಸಾವಿರಾರು ಮಂದಿಯ ಉತ್ತರ ಓದಲು ದುಡ್ಡೆಲ್ಲಿದೆ? ಆನ್‌ಲೈನ್ ಎಂದರೆ ಅಗ್ಗ ಎಂಬ ಈ ನಂಬಿಕೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯ 2013ರಲ್ಲಿ ಬೆಲೆ ತೆತ್ತಿತು. ಉಡಾಸಿಟಿ ಕಂಪನಿಯೊಂದಿಗೆ ಸೇರಿ ಗಣಿತ, ಸಂಖ್ಯಾಶಾಸ್ತ್ರದ ಆನ್‌ಲೈನ್ ಕೋರ್ಸು ನಡೆಸಿತು. ಪಾಸಾದವರು ತರಗತಿಯಲ್ಲಿ ಕೂತು ಕಲಿತವರಿಗಿಂತ ತುಂಬ ಕಡಿಮೆ. ಕೆಲವೇ ತಿಂಗಳಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಗಣಿತದಲ್ಲಿ ಹಿಂದುಳಿದ ಹಲವರನ್ನೂ ಪರದೆಯ ಮುಂದೆ ಕೂರಿಸಿದ್ದರು ಎಂಬುದನ್ನು ಮರೆಯಬಾರದು. ಕೈಹಿಡಿಯುವವರು ಹೆಚ್ಚು ಬೇಕಾದದ್ದು ಅವರಿಗೇ. ಇತ್ತ 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಟಿವಿ, ರೇಡಿಯೋ, ಅಂಚೆ ನಂಬಿಕೊಂಡೇ ಬೆಳೆಯಿತು. ಅದರ ಬೆನ್ನೆಲುಬು ಮಾತ್ರ ಟಿವಿ ಅಲ್ಲ. ಪ್ರತಿ ವಿದ್ಯಾರ್ಥಿಗೂ ಒಬ್ಬ ಬೋಧಕ, ಅವರು ಓದಿ ಟಿಪ್ಪಣಿ ಬರೆದು ಹಿಂದಿರುಗಿಸುವ ಅಸೈನ್‌ಮೆಂಟು. ಅಂಚೆಯ ಕಾಲದಲ್ಲಿ ಆದದ್ದು ಮೊಬೈಲ್ ಕಾಲದಲ್ಲಿ ಆಗದು ಎಂದರೆ ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಓದಬಲ್ಲವರಿಗೆ ಬರವೂ ಇಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸಾವಿರಾರು ಮಂದಿ ಇದ್ದಾರೆ. ಅವರ ಬದುಕು ನಿಂತಿರುವುದು ವಾರದ ಕಾರ್ಯಭಾರದ ಗಂಟೆಗಳ ಮೇಲೆ. ಕಾಲೇಜಿನ ವಿದ್ಯಾರ್ಥಿಗಳು ಸ್ವಯಂ ಕೋರ್ಸಿಗೆ ಹೋದರೆ ಆ ಗಂಟೆಗಳು ಇನ್ನೂ ಕರಗುತ್ತವೆ ಎಂಬ ಭಯ ಅವರಿಗಿದೆ, ಆ ಭಯ ನ್ಯಾಯವಾದದ್ದೇ. ಹಾಗಾಗಿ ನನ್ನ ಬೇಡಿಕೆ ಇಷ್ಟು. ಆನ್‌ಲೈನ್ ಕೋರ್ಸೊಂದಕ್ಕೆ ಒಪ್ಪಿಗೆ ಕೊಡುವ ಕಡತದಲ್ಲಿ ಮೂವತ್ತು ವಿದ್ಯಾರ್ಥಿಗಳಿಗೆ ಒಬ್ಬರಂತೆ ಓದುವವರ ಹೆಸರಿರಲಿ, ಆ ಓದಿಗೆ ವಾರಕ್ಕೆ ಎರಡು ಗಂಟೆ ಕಾರ್ಯಭಾರ ಲೆಕ್ಕವಾಗಲಿ, ಸಂಬಳ ಸೇರಲಿ. ಹಸಿರು ಪರದೆಯ ಬಿಲ್ಲನ್ನು ಅದರ ನಂತರ ನೋಡೋಣ.