ಸೊಲ್ಲಾಪುರದಲ್ಲಿ ಒಂದು ರಾತ್ರಿ, ಒಂದೇ ಪಲಂಗ

ಕಾಣುತ್ತಿದೆಯಾ? ಹಳೇ ಪೇಠೆ ಇದು. ಓಣಿಯೊಳಗೆ ಆಟೋ ಬರುವುದಿಲ್ಲ, ಬ್ಯಾಗ್ ಹೊತ್ತುಕೊಂಡೇ ನಡೆಯಬೇಕು. ಮುಂದೆ ಹೋಗುತ್ತಿದ್ದಾನಲ್ಲ, ಅವನೇ ನನ್ನವನು. ಬೆನ್ನು ಮಾತ್ರ ತೋರಿಸುತ್ತೇನೆ, ಮನೆಯಲ್ಲಿ ಅವನು ಇನ್ನೂ ಹೇಳಿಲ್ಲ. ಅವನಿರುವುದು ವಿಜಯಪುರದಲ್ಲಿ, ನಾನು ಅಕ್ಕಲಕೋಟೆಯಲ್ಲಿ ಅಪ್ಪ ಅಮ್ಮನ ಜೊತೆ. ತಿಂಗಳಿಗೊಮ್ಮೆ ಸೇರಬೇಕು ಅಂದರೆ ಸೊಲ್ಲಾಪುರವೇ ಗತಿ.

ರೂಮ್ ನೋಡಿ. ಬಾತ್‌ರೂಮ್ ತೀರಾ ಚಿಕ್ಕದು, ನನಗೆ ಇಷ್ಟವಾಗಲಿಲ್ಲ. ಚಾದರ ಮಾತ್ರ ಅಪ್ಪಟ ಸೊಲ್ಲಾಪುರದ್ದು. ಜಿಐ ಟ್ಯಾಗ್, ಅಂದರೆ ಈ ಊರಿನದ್ದೇ ಎಂಬ ಸರ್ಕಾರಿ ಗುರುತು ಇರುವ ಚಾದರ, ದಪ್ಪ ನೋಡಿ ಹೇಗಿದೆ!

ಹೋದ ತಿಂಗಳು ಏನಾಯಿತು ಅಂತ ಹೇಳಲೇಬೇಕು. ಸ್ಟೇಷನ್ ಕಡೆ ಒಂದು ದೊಡ್ಡ ಹೋಟೆಲ್. ಆ್ಯಪ್‌ನಲ್ಲಿ 'ಕಪಲ್ ಫ್ರೆಂಡ್ಲಿ, ಲೋಕಲ್ ಐಡಿ ನಡೆಯುತ್ತದೆ' ಅಂತ ಬರೆದಿತ್ತು. 1,450 ರೂಪಾಯಿ ಮೊದಲೇ ಕಟ್ಟಿದ್ದೆ. ಹೋಗಿ ಆಧಾರ್ ಕೊಟ್ಟರೆ, ಅಕ್ಕಲಕೋಟೆ, ಅಂದರೆ ಇದೇ ಜಿಲ್ಲೆ ಅಂತ ಓದಿ, ಲೋಕಲ್ ಐಡಿ ನಡೆಯಲ್ಲ ಎಂದರು. ಸರಿ, ಅವನ ವಿಜಯಪುರದ ಆಧಾರ್ ಕೊಟ್ಟೆವು. ಈಗ ಡಬಲ್ ಬೆಡ್ ಗಂಡ ಹೆಂಡತಿಗೆ ಮಾತ್ರ ಅಂತೆ. ಇಬ್ಬರು ಗಂಡಸರಾದರೆ ಎರಡು ರೂಮ್ ತಗೊಳ್ಳಿ, ಇನ್ನೂ 1,450 ಕಟ್ಟಿ ಅಂತೆ. ಲಾಬಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವನ ಕೈ ನಡುಗುತ್ತಿತ್ತು. ಹೊರಗೆ ಬಂದೆವು. ದುಡ್ಡು ವಾಪಸ್ ಕೇಳಿದರೆ, ನೀವು ಚೆಕ್ ಇನ್ ಮಾಡಲಿಲ್ಲ, ಕೊಡಲು ಬರುವುದಿಲ್ಲ ಎಂದರು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಲವತ್ತು ನಿಮಿಷ ಹೆಲ್ಪ್‌ಲೈನ್ ಸಂಗೀತ ಕೇಳಿದ್ದೇನೆ. ಒಂದು ಪೈಸೆ ಬರಲಿಲ್ಲ.

2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್, ನಮ್ಮಂಥವರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377ರ ಕುತ್ತಿನಿಂದ ನಮ್ಮನ್ನು ಬಿಡಿಸಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಮಾತ್ರ ಸಿಗಲಿಲ್ಲ. ಹೀಗಿರುವಾಗ ಗಂಡ ಹೆಂಡತಿ ಅನ್ನುವ ಕಾಗದ ತೋರಿಸಿ ಅಂದರೆ ಎಲ್ಲಿಂದ ತರೋಣ? ಇಬ್ಬರೂ ಮೂವತ್ತು ದಾಟಿದವರು. ಕಾಸು ಕೊಟ್ಟು ಮಲಗಲು ಜಾಗ ಕೇಳುತ್ತಿದ್ದೇವೆ, ಅಷ್ಟೇ ಅಲ್ವಾ?

ಈ ಜಾಗದ ಬಗ್ಗೆ ಹೇಳಿದ್ದು ಪುಣೆಯ ಗೆಳೆಯ. ನಮ್ಮಂಥವರು ನಿಶ್ಚಿಂತೆಯಿಂದ ಹೋಗಬಹುದು ಎಂದಿದ್ದ. ಎಂಟೇ ಖೋಲಿ. ಮಾಲೀಕರು ವಯಸ್ಸಾದವರು, ಕನ್ನಡದವರೇ. ಇಬ್ಬರ ಆಧಾರ್ ನೋಡಿದರು, ರಿಜಿಸ್ಟರ್‌ನಲ್ಲಿ ಬರೆದುಕೊಂಡರು. ಆಮೇಲೆ, "ದೊಡ್ಡ ಪಲಂಗ ಇರೋ ಖೋಲಿ ಕೊಡ್ಲೋ, ಎರಡು ಇರೋದು ಕೊಡ್ಲೋ ತಮ್ಮಾ?" ಎಂದರು. "ದೊಡ್ಡದು ಕೊಡ್ರಿ ಕಾಕಾ." "ಆತು. ಬಿಸಿನೀರು ಏಳಕ್ಕ ಬರ್ತದ." ಮುಗಿಯಿತು! 900 ರೂಪಾಯಿ. ಮೆಟ್ಟಿಲು ಹತ್ತುವಾಗ ಅವನ ಕಣ್ಣು ತುಂಬಿತ್ತು, ಅದಕ್ಕೇ ಅಲ್ಲಿ ಕ್ಯಾಮೆರಾ ಇಳಿಸಿದ್ದೆ.

ಹೋಟೆಲಿನ ಹೆಸರು ವಿಡಿಯೋದಲ್ಲಿ ಹೇಳುವುದಿಲ್ಲ. ಕಾಕಾಗೆ ಯಾರೂ ತೊಂದರೆ ಕೊಡಬಾರದು. ಬೇಕಾದವರು ಮೆಸೇಜ್ ಮಾಡಿ.

ಇದು ಸಂಜೆ, ಸಿದ್ಧೇಶ್ವರ ಕೆರೆ. ನೀರಿನ ನಡುವೆ ಗುಡಿ, ಆಚೆ ಕೋಟೆಯ ಗೋಡೆ. ಸಿದ್ಧರಾಮೇಶ್ವರರು 12ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ. ಆಗ ಊರಿನ ಹೆಸರು ಸೊನ್ನಲಿಗೆ. ಇಲ್ಲಿ ಕೂತೇ ಕನ್ನಡದಲ್ಲಿ ವಚನ ಬರೆದವರು ಅವರು. ಸಂಕ್ರಾಂತಿ ಜಾತ್ರೆಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಏಳು ನಂದಿಧ್ವಜ ತೋರಿಸುತ್ತಿದ್ದರು. ಆ ಎತ್ತರದ ಕೋಲನ್ನು ಒಬ್ಬನೇ ಸೊಂಟಕ್ಕೆ ಕೊಟ್ಟು ಎತ್ತುತ್ತಾನೆ ಗೊತ್ತಾ? ಮುಂದಿನ ಜಾತ್ರೆಗೆ ಇವನನ್ನೂ ಕರೆದುಕೊಂಡು ಬರಬೇಕು, ಅಪ್ಪನ ಪಕ್ಕದಲ್ಲೇ ನಿಲ್ಲಿಸಬೇಕು ಅಂತ... ಇರಲಿ, ಶಾಟ್ ಮುಗಿಯಿತು.

ಬೆಳಗ್ಗೆ ಆಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಕಾಕಾ ಮನೆಯಿಂದಲೇ ತಂದುಕೊಟ್ಟಿದ್ದು. ಚಟ್ನಿಗೆ ಬೆಳ್ಳುಳ್ಳಿ ಜಾಸ್ತಿ ಅನಿಸಿತ್ತು. ಮೂರನೇ ರೊಟ್ಟಿ ಹೊತ್ತಿಗೆ ಸರಿಯಾಗೇ ಇದೆ ಅನಿಸುತ್ತಿದೆ. ಹಾಂ, ಬಾತ್‌ರೂಮ್ ಬಗ್ಗೆ ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ನೀರು ಸರಿಯಾಗಿ ಏಳಕ್ಕೇ ಬಂತು, ಚೆನ್ನಾಗಿ ಕಾದಿತ್ತು.

ಅವನ ಬಸ್ಸು ಹತ್ತಕ್ಕೆ. ಕೀಲಿ ಕೊಡುವಾಗ ಕಾಕಾ, "ಮುಂದಿನ ತಿಂಗಳು ಬರೂ ಮುಂದ ಫೋನ್ ಮಾಡ್ರಿ, ಅದೇ ಖೋಲಿ ಇಟ್ಟಿರ್ತೀನಿ" ಎಂದರು. ತಾರೀಖು ಈಗಲೇ ಬರೆಸಿ ಬಂದಿದ್ದೇವೆ.